30 ಎಂಎಂ ಟ್ಯೂಬ್ ಇದ್ದರೆ ಮುಸ್ಸಂಜೆಯಲ್ಲಿ ಜಾಸ್ತಿ ಕಾಣುತ್ತಾ?

ಪ್ರಶ್ನೆ: ನಾನಿರುವುದು ಟೆಕ್ಸಸ್‌ನಲ್ಲಿ, ಆಸ್ಟಿನ್‌ನಿಂದ ಒಂದು ಗಂಟೆ ದಾರಿ. ಈ ನವೆಂಬರ್‌ನಲ್ಲಿ ಮೊದಲ ಸಲ ಜಿಂಕೆ ಬೇಟೆಗೆ ಹೊರಟಿದ್ದೇನೆ. ಲೈಸೆನ್ಸ್ ಆಯ್ತು, ಹಂಟರ್ ಎಜುಕೇಷನ್ ಕ್ಲಾಸೂ ಆಯ್ತು, .308 ರೈಫಲ್ ಬಂತು. ಅದರ ಮೇಲೆ ಕೂರಿಸುವ ಸ್ಕೋಪ್ (ಗುರಿ ನೋಡುವ ದುರ್ಬೀನು) ಒಂದು ಬಾಕಿ. ಅಂಗಡಿಯವರು "ಒಂದು ಇಂಚಿನ ಟ್ಯೂಬಿನದು ಬೇಡ, 30 ಎಂಎಂ ತಗೊಳ್ಳಿ, ಬೆಳಕು ಜಾಸ್ತಿ ಬರುತ್ತೆ" ಅಂದರು. ಬೆಲೆ ಹತ್ತಿರ ಹತ್ತಿರ ದುಪ್ಪಟ್ಟು. ಅವರು ಹೇಳಿದ್ದು ನಿಜಾನಾ? ನನಗೆ 47 ವರ್ಷ.

ಉತ್ತರ: ನಿಜ ಅಲ್ಲ. ಟ್ಯೂಬ್ ದಪ್ಪ ಇದ್ದ ಮಾತ್ರಕ್ಕೆ ಬೆಳಕು ಜಾಸ್ತಿ ಬರುವುದಿಲ್ಲ. ವಯಸ್ಸು ಹೇಳಿದ್ದು ಮಾತ್ರ ಒಳ್ಳೇದಾಯ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮನೆ ತಾರಸಿಯ ಮಳೆನೀರು ಸಂಪಿಗೆ ಇಳಿಯುತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಸಂಪಿಗೆ ಎಷ್ಟು ನೀರು ಬಂತು ಅನ್ನುವುದು ತಾರಸಿ ಎಷ್ಟು ಅಗಲ ಅನ್ನುವುದರ ಮೇಲೆ ನಿಂತಿದೆ. ಪೈಪು ಕಟ್ಟಿಕೊಳ್ಳದಷ್ಟು ದಪ್ಪ ಇದ್ದರೆ ಸಾಕು, ಮೂರಿಂಚಿನದು ತೆಗೆದು ನಾಲ್ಕಿಂಚಿನದು ಹಾಕಿದರೆ ಮಳೆ ಜಾಸ್ತಿ ಸುರಿಯುವುದಿಲ್ಲ. ಸ್ಕೋಪಿನಲ್ಲಿ ತಾರಸಿ ಅಂದರೆ ಮುಂದಿನ ಲೆನ್ಸು. ಅಲ್ಲಿಂದ ಒಳಗೆ ಬಂದ ಬೆಳಕು ಕಿರಿದಾಗುತ್ತಾ ಟ್ಯೂಬಿನೊಳಗೆ ಹೋಗುತ್ತದೆ. ಒಂದು ಇಂಚು ಅಂದರೆ 25.4 ಎಂಎಂ, ಸರಿಯಾಗಿ ಮಾಡಿದ ಸ್ಕೋಪಿಗೆ ಅಷ್ಟು ಜಾಗ ಧಾರಾಳವಾಯಿತು.

ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ನನ್ನ ಅಂದಾಜು ಇಷ್ಟು. ಅಮೆರಿಕದಲ್ಲಿ ಬಹಳ ಕಾಲ ಒಂದು ಇಂಚಿನದೇ ಓಡುತ್ತಿತ್ತು. 30 ಎಂಎಂ ಬಂದಿದ್ದು ಯುರೋಪಿನ ದುಬಾರಿ ಸ್ಕೋಪುಗಳ ಜೊತೆ, ಅವುಗಳ ಗಾಜೂ ಚೆನ್ನಾಗಿತ್ತು, ಗಾಜಿನ ಮೇಲೆ ಹಾಕುವ ತೆಳು ಪದರ, ಅಂದರೆ ಕೋಟಿಂಗೂ ಚೆನ್ನಾಗಿತ್ತು. ನೋಡಿದವರು ಟ್ಯೂಬಿಗೆ ಕ್ರೆಡಿಟ್ ಕೊಟ್ಟರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ.

ದಪ್ಪ ಟ್ಯೂಬಿನಿಂದ ಉಪಯೋಗವೇ ಇಲ್ಲ ಅಂತಲ್ಲ. ಕ್ರಾಸ್‌ಹೇರ್ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆ) ಮೇಲೆ ಕೆಳಗೆ ಸರಿಸಲು ಒಳಗೆ ಜಾಸ್ತಿ ಜಾಗ ಸಿಗುತ್ತದೆ. ಒಂದು ಇಂಚಿನ ಸ್ಕೋಪಿನಲ್ಲಿ ಮೇಲಿಂದ ಕೆಳಗೆ ಒಟ್ಟು 50-60 ಎಂಓಎ ಇರುವುದು ಮಾಮೂಲು. ಎಂಓಎ ಅನ್ನುವುದು ಕೋನದ ಅಳತೆ, ಒಂದು ಎಂಓಎ ಅಂದರೆ 100 ಗಜದಲ್ಲಿ ಒಂದು ಇಂಚಿಗಿಂತ ಕೂದಲೆಳೆ ಜಾಸ್ತಿ, 200 ಗಜದಲ್ಲಿ ಅದರ ಎರಡರಷ್ಟು. ನಿಮ್ಮ .308 ಅನ್ನು 100 ಗಜಕ್ಕೆ ಸರಿ ಮಾಡಿಟ್ಟರೆ 200 ಗಜದಲ್ಲಿ ಗುಂಡು ಸುಮಾರು ನಾಲ್ಕು ಇಂಚು ಕೆಳಗೆ ಬೀಳುತ್ತದೆ. ಅದಕ್ಕೆ ಬೇಕಾದ್ದು ಎರಡು ಎಂಓಎ. ಇದೇ ಗುಂಡನ್ನು 1000 ಗಜಕ್ಕೆ ಹೊಡೆಯುವವರಿಗೆ 35-40 ಬೇಕು, ಅವರು 30 ಅಲ್ಲ 34 ಎಂಎಂ ಟ್ಯೂಬಿಗೇ ಹೋಗಲಿ. ನೀವು ಮರಗಳ ನಡುವೆ ಕೂತು 120 ಗಜದ ಜಿಂಕೆ ಕಾಯುವವರು.

ಈಗ ಬೆಳಕಿನ ವಿಷಯ. ಮುಂದಿನ ಲೆನ್ಸಿನ ಅಗಲವನ್ನು ಪವರ್‌ನಿಂದ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೋ ಅದರಿಂದ, ಭಾಗಿಸಿ. 3-9×40 ಸ್ಕೋಪನ್ನು (ಪವರ್ 3ರಿಂದ 9, ಮುಂದಿನ ಲೆನ್ಸು 40 ಎಂಎಂ) 9ರಲ್ಲಿ ಇಟ್ಟರೆ 40 ಭಾಗಿಸು 9, ಸುಮಾರು 4.4 ಎಂಎಂ. ಅದೇ ಸ್ಕೋಪ್ 6ರಲ್ಲಿ 6.7. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ, ಸ್ಕೋಪಿನ ಹಿಂಬದಿಯಿಂದ ಹೊರಬಂದು ನಿಮ್ಮ ಕಣ್ಣಿಗೆ ಬೀಳುವ ಬೆಳಕಿನ ಬೊಟ್ಟಿನ ಅಗಲ ಅದು. ಇದನ್ನು ಕಣ್ಣಾರೆ ನೋಡಬಹುದು. ರೈಫಲ್‌ಗೆ ಕೂರಿಸದ ಸ್ಕೋಪನ್ನು ಕೈ ಚಾಚಿ ಹಿಡಿದು ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಅಲ್ಲ, ಖಂಡಿತ ಅಲ್ಲ). ಹಿಂದಿನ ಗಾಜಿನ ನಡುವೆ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಹಾಗೇ ಪವರ್ ರಿಂಗ್ ತಿರುಗಿಸಿ. 9ರ ಕಡೆ ಹೋದಂತೆ ಚುಕ್ಕೆ ಕುಗ್ಗಿ ಕೊತ್ತಂಬರಿ ಕಾಳಿನಷ್ಟಾಗುತ್ತದೆ, ಕೆಳಗೆ ಇಳಿಸಿದರೆ ಅರಳುತ್ತದೆ.

ಇಲ್ಲಿ ನಿಮ್ಮ ವಯಸ್ಸು ಬರುತ್ತದೆ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಎಂಎಂ ಅರಳುತ್ತದೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ, ಐವತ್ತರ ಹತ್ತಿರದವರಿಗೆ 5ರ ಆಸುಪಾಸು ಅಂತ ಲೆಕ್ಕ ಹಾಕಿಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮ ಪಾಪೆ 5 ಎಂಎಂ ಅಂತಿಟ್ಟುಕೊಂಡರೆ ಸ್ಕೋಪ್ 7 ಎಂಎಂ ಬೆಳಕು ಕೊಟ್ಟರೂ ಉಳಿದದ್ದು ಪಾಪೆಯ ಹೊರಗೆ ಬಿದ್ದು ಹೋಗುತ್ತದೆ. 40 ಎಂಎಂ ಲೆನ್ಸ್ 8 ಪವರ್‌ನಲ್ಲೇ ನಿಮಗೆ 5 ಎಂಎಂ ಕೊಡುತ್ತದೆ. ಅಂದರೆ 8 ಅಥವಾ ಅದಕ್ಕಿಂತ ಕೆಳಗೆ ಇಟ್ಟುಕೊಂಡರೆ, ಅದೇ ಗುಣಮಟ್ಟದ 56 ಎಂಎಂ ಲೆನ್ಸ್ ಕೂಡ ನಿಮ್ಮ ಕಣ್ಣಿಗೆ ಹೆಚ್ಚಿನದೇನೂ ತೋರಿಸುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ, ಮಂಗ ಆಗಿ. ಮೊದಲ ವರ್ಷ ನಾನು ತಗೊಂಡಿದ್ದು 6-24×50, 30 ಎಂಎಂ ಟ್ಯೂಬು, ನೋಡಲು ಭರ್ಜರಿ. ಬ್ಲೈಂಡಿನಲ್ಲಿ (ನಮ್ಮ ಕಡೆ ಹೊಲ ಕಾಯುವ ಅಟ್ಟಣೆಗೆ ಗೋಡೆ ಹಾಕಿದ ಹಾಗಿರುತ್ತದೆ) ನಾನು, ಪಕ್ಕದಲ್ಲಿ ಆ ಜಮೀನಿನ ಅಜ್ಜ. ಸೂರ್ಯ ಮುಳುಗಿ ಹದಿನೈದು ನಿಮಿಷ ಆಗಿತ್ತು. ಟೆಕ್ಸಸ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆವರೆಗೆ ಜಿಂಕೆ ಹೊಡೆಯಬಹುದು, ಅವು ಓಕ್ ಮರದ ನೆರಳಿನಿಂದ ಮುಸುಕಿನ ಜೋಳಕ್ಕೆ ಇಳಿಯುವುದೂ ಸರಿಯಾಗಿ ಆಗಲೇ. ಅಜ್ಜ ಪಿಸುಗುಟ್ಟಿದ, ಬಂತು ಅಂತ. ನಾನು ಇನ್ನೂ ದೊಡ್ಡದಾಗಿ ಕಾಣಲಿ ಅಂತ 24ಕ್ಕೆ ತಿರುಗಿಸಿದೆ. ಮಸಿ ಬಳಿದ ಹಾಗಾಯಿತು. ಜಿಂಕೆ ಇಲ್ಲ, ಮರ ಇಲ್ಲ, ಏನೂ ಇಲ್ಲ. ಅಜ್ಜ ತನ್ನ ಹಳೇ 4×32 ಕೊಟ್ಟ, ಒಂದು ಇಂಚಿನ ಟ್ಯೂಬು, ಮೇಲಿನ ಬಣ್ಣವೆಲ್ಲಾ ಉಜ್ಜಿಹೋಗಿತ್ತು. ಕೊಂಬು ಲೆಕ್ಕ ಹಾಕುವಷ್ಟು ಕಾಣಿಸಿತು. ಮನೆಗೆ ಬಂದು ಲೆಕ್ಕ ಮಾಡಿದೆ. ನನ್ನದು 50 ಭಾಗಿಸು 24, ಎರಡು ಎಂಎಂ ಚಿಲ್ಲರೆ. ಅಜ್ಜನದು 32 ಭಾಗಿಸು 4, ಎಂಟು. ನನ್ನದನ್ನು 8ಕ್ಕೆ ಇಳಿಸಿದ್ದರೆ ನನಗೂ ಕಾಣುತ್ತಿತ್ತು, ಅದು ಹೊಳೆಯಲೇ ಇಲ್ಲ.

ಡಬ್ಬಿಯ ಮೇಲೆ ಟ್ವಿಲೈಟ್ ಫ್ಯಾಕ್ಟರ್ ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡಿ ಮರುಳಾಗಬೇಡಿ. ಪವರನ್ನೂ ಲೆನ್ಸಿನ ಅಗಲವನ್ನೂ ಗುಣಿಸಿ ವರ್ಗಮೂಲ ತೆಗೆದದ್ದು ಅದು. ನನ್ನ ಮಸಿ ಡಬ್ಬಿಗೆ 24ರಲ್ಲಿ 34.6 ಬರುತ್ತದೆ. ಜರ್ಮನಿಯಲ್ಲಿ ಬೆಳದಿಂಗಳಲ್ಲಿ ಕಾಡುಹಂದಿ ಕಾಯುವವರ ಹಳೇ ನೆಚ್ಚಿನ 8×56 ಗೆ ಬರೀ 21.2. ಕತ್ತಲಲ್ಲಿ ಯಾವುದು ಗೆಲ್ಲುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ದುಡ್ಡು ಹಾಕಬೇಕಾದ್ದು ಕೋಟಿಂಗಿಗೆ. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯಲ್ಲೂ ಸುಮಾರು 4% ಬೆಳಕು ಹಿಂದಕ್ಕೆ ಚಿಮ್ಮಿಹೋಗುತ್ತದೆ. ಒಳಗೆ ಏಳು ಬಿಡಿ ಲೆನ್ಸ್ ಇದ್ದರೆ ಹದಿನಾಲ್ಕು ಮೈ. ಕೊನೆಗೆ ಕಣ್ಣಿಗೆ ತಲುಪುವುದು 56-57% ಅಷ್ಟೇ. ಒಳ್ಳೆ ಕೋಟಿಂಗ್ ಹಾಕಿ ಆ ನಷ್ಟವನ್ನು ಅರ್ಧ ಪರ್ಸೆಂಟಿಗೆ ಇಳಿಸಿದರೆ 93% ತಲುಪುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಈ ಕೋಟಿಂಗಿನ ದಾರಿ ತೋರಿಸಿದ್ದು, ಇವತ್ತು ಸಾಧಾರಣ ಬೆಲೆಯ ಸ್ಕೋಪಿಗೂ ಅದು ಇದೆ. ಆದರೆ ಮಾತು ಗಮನಿಸಿ. ಸುಮ್ನೆ 'ಕೋಟೆಡ್' ಅಂದರೆ ಎಲ್ಲೋ ಒಂದು ಕಡೆ ಒಂದು ಪದರ. 'ಫುಲ್ಲಿ ಮಲ್ಟಿಕೋಟೆಡ್' ಅಂದರೆ ಗಾಳಿ ತಾಗುವ ಎಲ್ಲಾ ಮೈಗೂ ಹಲವು ಪದರ. ನಿಮಗೆ ಬೇಕಾದ್ದು ಇದು.

ಕ್ರಾಸ್‌ಹೇರ್ ಮರೆಯಬೇಡಿ. ಜಿಂಕೆ ಕಂಡರೂ ಅದರ ಮೈಮೇಲೆ ಗೆರೆ ಕಾಣದಿದ್ದರೆ ಏನು ಪ್ರಯೋಜನ? ಮುಸ್ಸಂಜೆಗೆ ದಪ್ಪ ಗೆರೆ ಬೇಕು, ಇಲ್ಲವೇ ನಡುವೆ ಸಣ್ಣ ಕೆಂಪು ಚುಕ್ಕೆ, ಅದೂ ತೀರಾ ಮಂದ ಮಾಡಲು ಆಗುವಂಥದ್ದು. ಫಸ್ಟ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ ಪವರ್ ಇಳಿಸಿದರೆ ಗೆರೆಯೂ ಸಣ್ಣ ಆಗುತ್ತದೆ. ನಾವು ಕತ್ತಲಾದಂತೆ ಪವರ್ ಇಳಿಸುವವರು, ಹಾಗಾಗಿ ಪವರ್ ಬದಲಿಸಿದರೂ ಗೆರೆ ಅಷ್ಟೇ ದಪ್ಪ ಕಾಣುವ ಸೆಕೆಂಡ್ ಫೋಕಲ್ ಪ್ಲೇನ್ ನಿಮಗೆ ಸಾಕು. ಇನ್ನೊಂದು, ಬ್ಲೈಂಡಿನಲ್ಲಿ ಕೂತು ವಾಟ್ಸಾಪ್ ನೋಡಬೇಡಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಫೋನಿನ ಬೆಳಕು ಅದನ್ನು ಒಂದೇ ಏಟಿಗೆ ಹಾಳು ಮಾಡುತ್ತದೆ.

ಊರಲ್ಲಿರುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಇದನ್ನು ಓದಿ ಯಾರೂ ಕೋವಿ ಹುಡುಕಬೇಡಿ. ಆದರೆ ಕಬಿನಿಯ ಸಂಜೆ ಸಫಾರಿಗೆ ಬೈನಾಕ್ಯುಲರ್ ಕೊಳ್ಳುವಾಗಲೂ ಇದೇ ಲೆಕ್ಕ. 8×42 ಕೊಡುವುದು 5.25 ಎಂಎಂ. ಜೇಬಿಗೆ ಹಿಡಿಯುವ 10×25 ಕೊಡುವುದು 2.5, ಹೊತ್ತು ಇಳಿದ ಮೇಲೆ ಅದರಲ್ಲಿ ಚಿರತೆಯೂ ಒಂದೇ, ಬಂಡೆಯೂ ಒಂದೇ.

ನಿಮಗೆ ನನ್ನ ಸಲಹೆ: ಒಂದು ಇಂಚಿನ ಟ್ಯೂಬಿನ 3-9×40, ಫುಲ್ಲಿ ಮಲ್ಟಿಕೋಟೆಡ್, ದಪ್ಪ ಗೆರೆ. 50 ಎಂಎಂ ಲೆನ್ಸಿಗೆ ಹೋದರೆ ಸ್ಕೋಪ್ ಎತ್ತರ ಕೂರಬೇಕಾಗುತ್ತದೆ, ಕೆನ್ನೆ ರೈಫಲ್ಲಿನ ಮರದ ಹಿಡಿಯ ಮೇಲೆ ಸರಿಯಾಗಿ ಒರಗುವುದಿಲ್ಲ. ಕೊಳ್ಳುವ ಮೊದಲು ಸಂಜೆ ಹೊತ್ತು ಅಂಗಡಿಗೆ ಹೋಗಿ, ಎರಡು ಸ್ಕೋಪ್ ಹಿಡಿದು ಹೊರಗೆ ಬಂದು, ಎರಡನ್ನೂ ಒಂದೇ ಪವರ್‌ನಲ್ಲಿಟ್ಟು ಪಾರ್ಕಿಂಗ್ ಆಚೆಯ ಪೊದೆಯ ನೆರಳಿನೊಳಗೆ ನೋಡಿ. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲಾ ಸ್ಕೋಪೂ ಚೆನ್ನಾಗಿಯೇ ಕಾಣುತ್ತವೆ. ಮತ್ತೆ ಸ್ಕೋಪನ್ನು ರೈಫಲ್‌ಗೆ ಬಿಗಿಯುವ ರಿಂಗ್ ಕೊಳ್ಳುವಾಗ ಅದೂ ಒಂದು ಇಂಚಿನದೇ ಅಂತ ನೋಡಿಕೊಳ್ಳಿ. ನಾನು ಎರಡನೇ ವರ್ಷ ಬುದ್ಧಿ ಬಂತು ಅಂತ ಒಂದು ಇಂಚಿನ ಸ್ಕೋಪ್ ತಂದು, ಹಳೇ 30 ಎಂಎಂ ರಿಂಗಿಗೆ ಹಾಕಲು ಹೋಗಿ, ಅದು ಗಡಗಡ ಅಲ್ಲಾಡಿ, ಮತ್ತೆ ನಲವತ್ತು ಮೈಲಿ ಗಾಡಿ ಓಡಿಸಿದವನು.