ಮ್ಯಾಗ್ನಮ್: ರಿವಾಲ್ವರ್ ತೋಟಾ ರೈಫಲ್‌ಗೆ ಬಂದಾಗ

‘ನಾಡ ಪಿಸ್ತೂಲ್ ಮತ್ತು ಮೂರು ಜೀವಂತ ಗುಂಡು ವಶ’ ಅನ್ನುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ಅಲ್ಲಿ ಸಿಕ್ಕಿದ್ದು ಬರೀ ಗುಂಡಲ್ಲ, ತೋಟಾ. ಮಲೆನಾಡು, ಕೊಡಗಿನ ಕಡೆ ಕೋವಿ ನೋಡಿ ಬೆಳೆದವರಿಗೆ ಈ ವ್ಯತ್ಯಾಸ ಗೊತ್ತೇ ಇರುತ್ತದೆ. ತೋಟಾದಲ್ಲಿ ನಾಲ್ಕು ವಸ್ತು ಇರುತ್ತವೆ. ಒಂದು ಹಿತ್ತಾಳೆ ಕೊಳವೆ, ಅದರ ತಳದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಬಿಗಿಯಾಗಿ ಕೂತ ಗುಂಡು. ಈಡು ಹಾರಿದಾಗ ನಳಿಗೆಯಿಂದ ಗುರಿಯತ್ತ ಹೋಗುವುದು ಗುಂಡು ಮಾತ್ರ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮ್ಯಾಗ್ನಮ್ ಅನ್ನೋದು ತೋಟಾದ ಹೆಸರು, ಗುಂಡಿನ ಹೆಸರಲ್ಲ. ಡಬ್ಬಿಯ ಮೇಲೆ ‘.357 ಮ್ಯಾಗ್ನಮ್’ ಅಂತ ಬರೆದಿದ್ದರೆ ಆ ತೋಟಾ ನಿಮ್ಮ ಬಂದೂಕಿಗೆ ಸೇರುತ್ತದೋ ಇಲ್ಲವೋ ಅಂತ ತಿಳಿಯುತ್ತದೆ. ಒಳಗಿನ ಗುಂಡು ಎಂಥದು, ಅದು ಯಾವ ಕೆಲಸಕ್ಕೆ ಅನ್ನೋದು ತಿಳಿಯುವುದಿಲ್ಲ. ರೈಫಲ್‌ಗೆ ತೋಟಾ ಆರಿಸುವವರು ಎಡವುವುದು ಇಲ್ಲೇ.

ಮೊದಲು ಪದ ನೋಡೋಣ. ಲ್ಯಾಟಿನ್‌ನಲ್ಲಿ ಮ್ಯಾಗ್ನಮ್ ಅಂದರೆ ‘ದೊಡ್ಡದು’. ಶಾಂಪೇನ್ ಬಾಟಲಿ ಮಾಮೂಲಾಗಿ 750 ಮಿಲಿಲೀಟರ್. ಒಂದೂವರೆ ಲೀಟರ್ ಹಿಡಿಯುವ ಬಾಟಲಿಗೆ ಮ್ಯಾಗ್ನಮ್ ಅನ್ನುತ್ತಾರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಬಂದೂಕು ತಯಾರಕರು ಜಾಸ್ತಿ ಮದ್ದು ಹಿಡಿಯುವ ತೋಟಾಗಳಿಗೂ ಇದೇ ಹೆಸರು ಇಟ್ಟರು. ಕೈಬಂದೂಕಿಗೆ ಈ ಪದ ಬಂದಿದ್ದು ಆಮೇಲೆ. 1935ರಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ .357 ಮ್ಯಾಗ್ನಮ್ ರಿವಾಲ್ವರ್ ತಂದಿತು. 1955ರ ಕೊನೆಯಲ್ಲಿ .44 ಮ್ಯಾಗ್ನಮ್ ಬಂತು.

.357ರ ಹುಟ್ಟಿನಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ವಿಷಯ ಇದೆ. ಹಳೆಯ .38 ಸ್ಪೆಷಲ್ ತೋಟಾವನ್ನೂ .357 ತೋಟಾವನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ದಪ್ಪ ಒಂದೇ. ಹೆಸರಿನಲ್ಲಿ 38 ಇದ್ದರೂ ಗುಂಡಿನ ಅಡ್ಡಳತೆ ಎರಡರಲ್ಲೂ ಹೆಚ್ಚುಕಡಿಮೆ .357 ಇಂಚು. ಬೇರೆ ಇರುವುದು ಹಿತ್ತಾಳೆಯ ಉದ್ದ. ಒಂದು 1.155 ಇಂಚು, ಇನ್ನೊಂದು 1.29 ಇಂಚು. ಮೂರೂವರೆ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಅಷ್ಟು ಉದ್ದ ಮಾಡಿದ್ದು ಮುಖ್ಯವಾಗಿ ಮದ್ದಿಗೆ ಜಾಗ ಮಾಡಲು ಅಲ್ಲ. ಹೊಸ ತೋಟಾವನ್ನು ಯಾರೂ ಹಳೆಯ ರಿವಾಲ್ವರಿಗೆ ತುಂಬಬಾರದು ಅಂತ. .38 ಸ್ಪೆಷಲ್‌ನ ಒತ್ತಡದ ಮಿತಿ ಒಂದು ಚದರ ಇಂಚಿಗೆ 17,000 ಪೌಂಡ್. .357 ಮ್ಯಾಗ್ನಮ್‌ನದು 35,000. ಹಳೆಯ ರಿವಾಲ್ವರ್ ಅದನ್ನು ತಡೆಯದೆ ಸಿಡಿದರೆ ಹೋಗುವುದು ಹಿಡಿದವರ ಬೆರಳು. ಅದನ್ನು ಕಾಯಲು ಇಟ್ಟಿದ್ದು ಈ ಮೂರು ಚಿಲ್ಲರೆ ಮಿಲಿಮೀಟರ್.

ಹಾಗಾಗಿ .357 ಬಂದೂಕಿಗೆ .38 ಸ್ಪೆಷಲ್ ಹಾಕಬಹುದು, .38 ಬಂದೂಕಿಗೆ .357 ಹಾಕಬಾರದು. .44 ಮ್ಯಾಗ್ನಮ್ ಮತ್ತು .44 ಸ್ಪೆಷಲ್ ನಡುವೆಯೂ ಇದೇ ಲೆಕ್ಕ.

ರಿವಾಲ್ವರ್ ತೋಟಾ ರೈಫಲ್‌ಗೆ ಯಾಕೆ ಅಂತ ಕೇಳಬಹುದು. ಅಮೆರಿಕದಲ್ಲಿ ಈ ಅಭ್ಯಾಸ ಹಳೆಯದು. 1873ರ ವಿಂಚೆಸ್ಟರ್ ರೈಫಲ್‌ನ .44-40 ತೋಟಾಕ್ಕೆ ಕೆಲವೇ ವರ್ಷಗಳಲ್ಲಿ ಕೋಲ್ಟ್ ರಿವಾಲ್ವರೂ ಬಂತು. ಸೊಂಟದ ಪಟ್ಟಿಯಲ್ಲಿ ಒಂದೇ ಬಗೆಯ ತೋಟಾ ಇದ್ದರೆ ಎರಡಕ್ಕೂ ಆಗುತ್ತಿತ್ತು. ಇವತ್ತು ಇದಕ್ಕೆ ಇನ್ನೊಂದು ಕಾರಣ ಇದೆ. ಓಹಿಯೋ, ಇಂಡಿಯಾನಾ, ಮಿಷಿಗನ್‌ನಂಥ ಕಡೆ ಮೆಕ್ಕೆಜೋಳ, ಸೋಯಾ ಬೆಳೆಯುವ ಚಪ್ಪಟೆ ಹೊಲಗಳು ಜಾಸ್ತಿ. ಮಾಮೂಲಿ ರೈಫಲ್‌ನ ಗುಂಡು ಅಲ್ಲಿ ತುಂಬಾ ದೂರ ಹೋಗುತ್ತದೆ, ನಡುವೆ ತಡೆಯಲು ಗುಡ್ಡ ಇಲ್ಲ. ಅದಕ್ಕೇ ಜಿಂಕೆ ಬೇಟೆಗೆ ಬಹಳ ಕಾಲ ಅಲ್ಲಿ ಶಾಟ್‌ಗನ್ನೇ ಗತಿಯಾಗಿತ್ತು. ಓಹಿಯೋ 2014ರಲ್ಲಿ ನೇರ ಕೊಳವೆಯ, ಅಂದರೆ ಕತ್ತು ಕಿರಿದಾಗದ ತೋಟಾ ಹಾರಿಸುವ ರೈಫಲ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಇವುಗಳ ಗುಂಡು ಅಷ್ಟು ದೂರ ಹೋಗುವುದಿಲ್ಲ. .357 ಮತ್ತು .44 ಮ್ಯಾಗ್ನಮ್ ಎರಡೂ ಅಂಥವೇ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಷಿಕಾರಿಯ ಕಾಲ ಮುಗಿಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುವವರಿದ್ದಾರೆ. ಮುಂದಿನ ಮಾತು ಹೆಚ್ಚಾಗಿ ಅವರಿಗೆ.

ರಿವಾಲ್ವರ್‌ನ ನಳಿಗೆ ನಾಲ್ಕೋ ಆರೋ ಇಂಚು. ರೈಫಲ್‌ನದು 16ರಿಂದ 20 ಇಂಚು. ನಳಿಗೆ ಉದ್ದ ಇದ್ದಷ್ಟು ಹೆಚ್ಚು ಹೊತ್ತು ಉರಿಯುವ ಮದ್ದಿನ ಗಾಳಿ ಗುಂಡನ್ನು ತಳ್ಳುತ್ತಲೇ ಇರುತ್ತದೆ. .357ರ 158 ಗ್ರೇನ್ ಗುಂಡು ನಾಲ್ಕಿಂಚಿನ ರಿವಾಲ್ವರ್‌ನಿಂದ ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ತೋಟಾ 18 ಇಂಚಿನ ರೈಫಲ್‌ನಲ್ಲಿ 1,800 ಅಡಿಯ ಹತ್ತಿರ ಬರುತ್ತದೆ. ಗುಂಡಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಹೊಡೆತ ಎರಡು ಪಟ್ಟಾಯಿತು. ಎಲ್ಲ ಡಬ್ಬಿಯಲ್ಲೂ ಹೀಗಾಗುವುದಿಲ್ಲ ಅನ್ನಿ. ಬೇಗ ಉರಿಯುವ ಮದ್ದು ತುಂಬಿದ್ದರೆ ಉದ್ದ ನಳಿಗೆಯಿಂದ ಸಿಗುವ ಲಾಭ ಕಡಿಮೆ, ನಿಧಾನಕ್ಕೆ ಉರಿಯುವ ಮದ್ದಾದರೆ ಜಾಸ್ತಿ. ಗ್ರೇನ್ ಅನ್ನುವುದು ಕಾಳಿನ ತೂಕದಿಂದ ಬಂದ ಅಳತೆ, ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ. 158 ಗ್ರೇನ್ ಅಂದರೆ ಹತ್ತು ಗ್ರಾಂ ಚಿಲ್ಲರೆ.

ಈಗ ಗುಂಡಿನ ಪರಿಸ್ಥಿತಿ ಯೋಚಿಸಿ. ತುದಿಯಲ್ಲಿ ಕುಳಿ ಇರುವ ಗುಂಡು ಮೈಗೆ ಬಡಿದ ಕೂಡಲೇ ಹೂವಿನ ಹಾಗೆ ಅರಳಬೇಕು. ಎಷ್ಟು ವೇಗದಲ್ಲಿ ಅರಳಬೇಕು ಅಂತ ಮಾಡಿದವರು ಮೊದಲೇ ಲೆಕ್ಕ ಹಾಕಿರುತ್ತಾರೆ. ಅದು ರಿವಾಲ್ವರ್ ವೇಗದ ಲೆಕ್ಕ. 110 ಅಥವಾ 125 ಗ್ರೇನ್‌ನ ಹಗುರ ಗುಂಡನ್ನು ರೈಫಲ್‌ನಿಂದ ಹೊಡೆದರೆ ಅದು ಚರ್ಮದ ಹತ್ತಿರವೇ ಅರಳಿ ಚೂರಾಗಬಹುದು. ಆಳಕ್ಕೆ ಇಳಿಯುವುದಿಲ್ಲ. ಜಿಂಕೆ ಗಾಯಗೊಂಡು ಓಡಿಹೋಗಿ ಎಲ್ಲೋ ಪೊದೆಯಲ್ಲಿ ನರಳುತ್ತದೆ. ಬೇಟೆಗಾರರಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಅದಕ್ಕೇ .357 ಆದರೆ 158 ಗ್ರೇನ್ ಅಥವಾ ಅದಕ್ಕಿಂತ ಭಾರದ, .44 ಆದರೆ 240 ಗ್ರೇನ್‌ನ ಆಸುಪಾಸಿನ ಗುಂಡು ಒಳ್ಳೆಯದು. ಮೇಲೆ ತಾಮ್ರದ ಹೊದಿಕೆ ಇದ್ದು ತುದಿಯಲ್ಲಿ ಸೀಸ ಕಾಣುವಂಥದ್ದು, ಇಲ್ಲವೇ ಜಿಂಕೆಗೆಂದೇ ಮಾಡಿದ ಗಟ್ಟಿ ಗುಂಡು ನೋಡಿ. ‘ಆತ್ಮರಕ್ಷಣೆಗೆ’ ಅಂತ ಬರೆದ ಡಬ್ಬಿಯನ್ನು ಬೇಟೆಗೆ ತರಬೇಡಿ.

ಎರಡನೆಯದು ಗುಂಡಿನ ಮೂಗು. ಲಿವರ್ ರೈಫಲ್‌ಗಳಲ್ಲಿ, ಅಂದರೆ ಕುದುರೆಯ ಹತ್ತಿರದ ಹಿಡಿ ಎಳೆದು ಮುಂದಿನ ತೋಟಾ ಏರಿಸುವ ರೈಫಲ್‌ಗಳಲ್ಲಿ, ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೂರುತ್ತವೆ. ಹಿಂದಿನದರ ಮೂಗು ಮುಂದಿನದರ ತಳಕ್ಕೆ ಒತ್ತಿಕೊಂಡಿರುತ್ತದೆ, ಆ ತಳದ ನಡುವಲ್ಲೇ ಕೇಪು. ಮೂಗು ಚೂಪಾಗಿ ಗಟ್ಟಿಯಾಗಿದ್ದರೆ ಈಡಿನ ಕುಲುಕಾಟಕ್ಕೆ ಕೇಪು ಒಳಗೇ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂಗಿನ ಗುಂಡೇ ಬೇಕು. ಚೂಪು ತುದಿ ಬೇಕು ಅನ್ನುವವರಿಗೆ ಹಾರ್ನಡಿ ಕಂಪನಿಯ ಲೆವರೆವಲ್ಯೂಷನ್ ಇದೆ. ಅದರ ತುದಿ ಮೆತ್ತಗಿನ ಪ್ಲಾಸ್ಟಿಕ್, ಒತ್ತಿದರೆ ಬಗ್ಗುತ್ತದೆ.

ಅಭ್ಯಾಸಕ್ಕೆ .38 ಸ್ಪೆಷಲ್ ಅಗ್ಗ, ಸದ್ದು ಕಡಿಮೆ, ಹಿಂದೊದೆತವೂ ಕಡಿಮೆ. ರಿವಾಲ್ವರ್‌ನಲ್ಲಿ ಅದಕ್ಕೆ ಯಾವ ತಕರಾರೂ ಇಲ್ಲ. ರೈಫಲ್‌ನಲ್ಲಿ ಹಾಗಲ್ಲ. ನಾನೊಮ್ಮೆ ಓಹಿಯೋದ ಶೂಟಿಂಗ್ ರೇಂಜಿನಲ್ಲಿ ಸ್ನೇಹಿತರ .357 ಲಿವರ್ ರೈಫಲ್‌ಗೆ ಗುಂಡು ಪೂರ್ತಿ ಹಿತ್ತಾಳೆಯೊಳಗೇ ಹುದುಗಿರುವ ಮೊಂಡು ಮೂಗಿನ .38 ತುಂಬಿದ್ದೆ. ಮೊದಲನೆಯದು ಹೋಯಿತು. ಎರಡನೆಯದಕ್ಕೆ ಲಿವರ್ ಅರ್ಧದಲ್ಲೇ ನಿಂತಿತು. ಇಣುಕಿದರೆ ತೋಟಾ ಅಡ್ಡಕ್ಕೆ ಮೂತಿ ಎತ್ತಿಕೊಂಡು ಸಿಕ್ಕಿಹಾಕಿಕೊಂಡಿದೆ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅದನ್ನು ಬಿಡಿಸಲು ಹತ್ತು ನಿಮಿಷ ಹಿಡಿಯಿತು. ರೈಫಲ್ ಕೆಟ್ಟಿರಲಿಲ್ಲ. ತೋಟಾ ಗಿಡ್ಡವಾಗಿದ್ದಿದ್ದೇ ಕಾರಣ. ತೋಟಾವನ್ನು ಮೇಲೆತ್ತುವ ಭಾಗ ಒಂದು ಉದ್ದಕ್ಕೆ ಹೊಂದಿಕೊಂಡಿರುತ್ತದೆ. ಇನ್ನೂ ಒಂದು ಮಾತು: ತುಂಬಾ .38 ಹಾರಿಸಿದರೆ ತೋಟಾ ಕೂರುವ ಕೋಣೆಯ ಮುಂಭಾಗದಲ್ಲಿ ಮಸಿ ಉಂಗುರದ ಹಾಗೆ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ .357 ಹಾಕಿದರೆ ತೋಟಾ ಸರಿಯಾಗಿ ಕೂರುವುದಿಲ್ಲ.

ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಗೀರುಗಳ ತಿರುವೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಮಾರ್ಲಿನ್ 1894 ರೈಫಲ್‌ನ .44 ನಳಿಗೆಯಲ್ಲಿ ಗುಂಡು ಒಂದು ಸುತ್ತು ತಿರುಗಲು 38 ಇಂಚು ಬೇಕು. ಅಷ್ಟು ನಿಧಾನದ ತಿರುವಿನಲ್ಲಿ 300 ಗ್ರೇನ್‌ನ ಉದ್ದ ಗುಂಡು ಸ್ಥಿರವಾಗಿ ಹೋಗುವುದು ಕಷ್ಟ. 240 ಚೆನ್ನಾಗಿ ಹೋಗುತ್ತದೆ. ರೂಗರ್ 77/44 ರೈಫಲ್‌ನಲ್ಲಿ 20 ಇಂಚಿಗೇ ಒಂದು ಸುತ್ತು, ಅಲ್ಲಿ ಭಾರದ ಗುಂಡಿಗೆ ತೊಂದರೆ ಇಲ್ಲ.

ಡಬ್ಬಿ ಆರಿಸಿದ ಮೇಲೆ ಅದೇ ಡಬ್ಬಿಯ ತೋಟಾದಿಂದಲೇ ಗುರಿ ಕೂರಿಸಿ. ಅಭ್ಯಾಸದ .38ರಲ್ಲಿ ಕೂರಿಸಿದ ಗುರಿ ಬೇಟೆಯ .357ಗೆ ನಡೆಯುವುದಿಲ್ಲ, ಗುಂಡು ಬೇರೆಯೇ ಎತ್ತರದಲ್ಲಿ ಬೀಳುತ್ತದೆ. 50 ಗಜದಲ್ಲಿ ಒಮ್ಮೆ, 100 ಗಜದಲ್ಲಿ ಒಮ್ಮೆ ಹೊಡೆದು ನೋಡಿ. ಈ ಮೊಂಡು ಗುಂಡುಗಳು 100 ಗಜ ದಾಟಿದ ಮೇಲೆ ಬೇಗ ಕೆಳಗೆ ಇಳಿಯುತ್ತವೆ. ಓಹಿಯೋದಲ್ಲಿ ಜಿಂಕೆ ಬೇಟೆಗೆ ಹೋಗುವಾಗ ಬಂದೂಕಿನಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಇರಬಾರದು ಅನ್ನುವ ನಿಯಮ ಇದೆ. ಆ ಮೂರನ್ನು ರೇಂಜಿನಲ್ಲೇ ತುಂಬಿ, ಲಿವರ್ ಎಳೆದು, ಮೂರೂ ತಡೆಯಿಲ್ಲದೆ ಒಳಗೆ ಹೋಗಿ ಹಾರುತ್ತವೆಯೇ ಅಂತ ಕಾಡಿಗೆ ಹೋಗುವ ಮುಂಚೆಯೇ ನೋಡಿಕೊಳ್ಳಿ.