ಪ್ರಭುಭೋಜನದಲ್ಲಿ ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಅಮಲು: ಕೊರಿಂಥದಲ್ಲಿ ಆದದ್ದೇನು?

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಪ್ರಭುಭೋಜನ ಅಂದರೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ‘ಒಬ್ಬ ಹಸಿದಿದ್ದಾನೆ, ಇನ್ನೊಬ್ಬನಿಗೆ ಅಮಲೇರಿದೆ’ ಎಂದು ಪೌಲ ಬೈಯುತ್ತಾನೆ. ಒಂದು ಗುಟುಕಿಗೆ ಅಮಲೇರುವುದು ಹೇಗೆ?

ಉತ್ತರ: ಆಗ ಅದು ಗುಟುಕಾಗಿರಲಿಲ್ಲ, ಹೊಟ್ಟೆ ತುಂಬ ಊಟವಾಗಿತ್ತು. ಅದೇ ಅಧ್ಯಾಯದ 25ನೇ ವಚನ ನೋಡಿ. ಯೇಸು ಪಾತ್ರೆಯನ್ನು ಕೈಗೆತ್ತಿಕೊಂಡದ್ದು ‘ಊಟವಾದ ಮೇಲೆ’. ಅಂದರೆ ಮೊದಲು ರೊಟ್ಟಿ ಮುರಿಯುವುದು, ನಡುವೆ ಊಟ, ಕೊನೆಗೆ ಪಾತ್ರೆ. ಕೊರಿಂಥದವರು ಈ ಕ್ರಮವನ್ನೇ ಪಾಲಿಸುತ್ತಿದ್ದರೋ, ಊಟ ಮುಗಿಸಿ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಊಟವಂತೂ ಇತ್ತು, ಜಗಳ ಹುಟ್ಟಿದ್ದೂ ಅಲ್ಲೇ.

ಊರಿನ ಹಿನ್ನೆಲೆ ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಕ್ರಿ.ಪೂ. 146ರಲ್ಲಿ ರೋಮನ್ನರು ಗ್ರೀಸಿನ ಕೊರಿಂಥವನ್ನು ಹಾಳುಗೆಡವಿದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅಲ್ಲಿ ಹೊಸ ವಸಾಹತು ನೆಲೆಗೊಳಿಸಿದ. ಬಂದು ನೆಲೆಸಿದವರಲ್ಲಿ ಬಹಳಷ್ಟು ಮಂದಿ ಬಿಡುಗಡೆ ಪಡೆದ ಗುಲಾಮರು. ತಲೆತಲಾಂತರದ ಮನೆತನಗಳು ಕಡಿಮೆ, ವ್ಯಾಪಾರ ಜೋರು. ಇಂಥ ಊರಲ್ಲಿ ಯಾರ ಮನೆಯ ಊಟಕ್ಕೆ ಕರೆ ಬಂತು, ಎಲ್ಲಿ ಕೂರಿಸಿದರು ಎಂಬುದೇ ಅಂತಸ್ತಿನ ಅಳತೆಗೋಲು. ಪೌಲ ಅಲ್ಲಿದ್ದದ್ದು ಸುಮಾರು ಕ್ರಿ.ಶ. 50–51ರಲ್ಲಿ. ಅಲ್ಲಿ ಪೌಲನ ಮೇಲಿನ ದೂರು ಬಂದದ್ದು ಅಧಿಪತಿ ಗಲ್ಲಿಯೋನನ ಮುಂದೆ, ಅವನನ್ನು ಹೆಸರಿಸುವ ಡೆಲ್ಫಿಯ ಶಾಸನದಿಂದ ಈ ಕಾಲ ಗೊತ್ತಾಗುತ್ತದೆ. ಮೂರ್ನಾಲ್ಕು ವರ್ಷದ ನಂತರ ಎಫೆಸದಲ್ಲಿದ್ದಾಗ ಅವನು ಈ ಪತ್ರ ಬರೆದ.

ಚರ್ಚ್ ಕಟ್ಟಡ ಎಂಬುದು ಆಗ ಇರಲಿಲ್ಲ. ಸಭೆ ಸೇರುತ್ತಿದ್ದದ್ದು ಯಾರದಾದರೂ ಮನೆಯಲ್ಲಿ. ಪೌಲ ಕೊರಿಂಥದಿಂದಲೇ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಗಾಯ ಎಂಬವನು ಇಡೀ ಸಭೆಗೆ ಆತಿಥ್ಯ ಕೊಡುವವನು ಎಂದಿದೆ. ಉಳ್ಳವರ ರೋಮನ್ ಮನೆಯಲ್ಲಿ ಊಟದ ಕೋಣೆಯ ಮೂರು ಗೋಡೆಗಳ ಬದಿಗೆ ಮೂರು ಮಂಚ. ಒಂದೊಂದರ ಮೇಲೆ ಮೂವರು ಎಡ ಮೊಣಕೈ ಊರಿ ಒರಗುತ್ತಾರೆ, ಒಟ್ಟು ಒಂಬತ್ತು ಜನ. ಹಳೆ ಕೊರಿಂಥದ ಅನಪ್ಲೋಗಾ ಎಂಬಲ್ಲಿ ಅಗೆದಾಗ ಸಿಕ್ಕ ಇಂಥ ಒಂದು ಕೋಣೆ ಸುಮಾರು 5.5 ಮೀಟರ್ ಅಗಲ, 7.5 ಮೀಟರ್ ಉದ್ದ ಇದೆ. ಆ ಕಟ್ಟಡ ಪೌಲನ ಕಾಲದ್ದೇ ಎಂಬ ಬಗ್ಗೆ ತಕರಾರಿದೆ, ಸಭೆ ಅಂಗಡಿ ಕೋಣೆಗಳಲ್ಲೂ ಸೇರಿರಬಹುದು. ಆದರೆ ಎಲ್ಲಿ ಸೇರಿದರೂ ಲೆಕ್ಕ ಬದಲಾಗದು. ನಲವತ್ತು ಜನ ಬಂದರೆ ಮಂಚ ಸಿಗುವುದು ಕೆಲವರಿಗೆ, ಉಳಿದವರಿಗೆ ಅಂಗಳ.

ಸಮಯದ ಸಮಸ್ಯೆ ಬೇರೆ. ಭಾನುವಾರ ರಜೆ ಎಂಬ ಕಾನೂನನ್ನು ಕಾನ್‌ಸ್ಟಂಟೈನ್ ತಂದದ್ದು 321ರಲ್ಲಿ. ಪೌಲನ ಕಾಲಕ್ಕೆ ಅದು ಮಾಮೂಲಿ ಕೆಲಸದ ದಿನ. ಬಿಡುವಿದ್ದವರು ಬೇಗ ಬಂದು ತಾವು ತಂದದ್ದನ್ನು ತಿನ್ನತೊಡಗುತ್ತಾರೆ, ದ್ರಾಕ್ಷಾರಸವೂ ಹರಿಯುತ್ತದೆ. ಹೊತ್ತು ಮುಳುಗಿದ ಮೇಲೆ ಕೂಲಿಯವರು, ಯಜಮಾನನ ಅಪ್ಪಣೆ ಸಿಕ್ಕ ಮೇಲೆ ಗುಲಾಮರು ಬರುವಷ್ಟರಲ್ಲಿ ತಟ್ಟೆ ಖಾಲಿ. ಹಸಿವೂ ಅಮಲೂ ಒಂದೇ ಸೂರಿನಡಿ ಸೇರಿದ್ದು ಹೀಗೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ನನಗನಿಸುವಂತೆ ತಡವಾಗಿ ಬಂದದ್ದಕ್ಕಿಂತ ಮುಖ್ಯ ಕಾರಣ ಪಂಕ್ತಿಭೇದ. ಅದು ರೋಮನ್ ಸಮಾಜದ ವಾಡಿಕೆಯೇ ಆಗಿತ್ತು. ರೋಮನ್ ಗಣ್ಯ, ಲೇಖಕ ಕಿರಿಯ ಪ್ಲಿನಿ ಒಂದು ಪತ್ರದಲ್ಲಿ ತಾನು ಹೋದ ಊಟದ ಸುದ್ದಿ ಬರೆಯುತ್ತಾನೆ. ಆತಿಥೇಯ ಸಣ್ಣ ಕುಪ್ಪಿಗಳಲ್ಲಿ ಮೂರು ದರ್ಜೆಯ ಮದ್ಯ ಇಡಿಸಿದ್ದ: ತನಗೂ ಆಪ್ತರಿಗೂ ಒಂದು, ಕೆಳಗಿನ ಗೆಳೆಯರಿಗೆ ಇನ್ನೊಂದು, ಬಿಡುಗಡೆಯಾದ ಗುಲಾಮರಿಗೆ ಮತ್ತೊಂದು. ಪ್ಲಿನಿಗೆ ಇದು ಹಿಡಿಸಲಿಲ್ಲ. ತಾನು ಎಲ್ಲರಿಗೂ ಒಂದೇ ಬಡಿಸುತ್ತೇನೆ ಎನ್ನುತ್ತಾನೆ. ಖರ್ಚಾಗುವುದಿಲ್ಲವೇ ಎಂದು ಕೇಳಿದರೆ, ಅವರು ನನ್ನ ಮದ್ಯ ಕುಡಿಯುವುದಿಲ್ಲ, ನಾನೇ ಅವರದ್ದನ್ನು ಕುಡಿಯುತ್ತೇನೆ ಎಂಬ ಉತ್ತರ. ಜಾಣ!

ಪೌಲನ ಸಿಟ್ಟಿನ ಮೊನೆ ಇರುವುದೂ ಇಲ್ಲಿಯೇ. ಕುಡಿದಿರಿ ಎಂಬುದು ಅವನ ಮುಖ್ಯ ದೂರಲ್ಲ. ‘ಪ್ರಭುವಿನ ಊಟ’ವನ್ನು ‘ತಂತಮ್ಮ ಊಟ’ ಮಾಡಿಕೊಂಡಿರಿ, ಏನೂ ಇಲ್ಲದವರ ಮುಖಕ್ಕೆ ಹೊಡೆದಂತೆ ಮಾಡಿದಿರಿ ಎಂಬುದು ದೂರು. ಅವನು ಹೇಳಿದ ಪರಿಹಾರ ಸರಳ: ಒಬ್ಬರಿಗಾಗಿ ಒಬ್ಬರು ಕಾಯಿರಿ, ಹಸಿವು ತಡೆಯದಿದ್ದರೆ ಮನೆಯಲ್ಲಿ ತಿಂದು ಬನ್ನಿ. ‘ಕಾಯಿರಿ’ ಎಂಬಲ್ಲಿರುವ ಗ್ರೀಕ್ ಕ್ರಿಯಾಪದಕ್ಕೆ ಬರಮಾಡಿಕೊಳ್ಳಿ, ಸತ್ಕರಿಸಿ ಎಂಬ ಅರ್ಥವೂ ಇದೆ. ಆ ಅರ್ಥ ಹಿಡಿದರೆ ಕಾದು ಕೂತರಷ್ಟೇ ಸಾಲದು, ಹಂಚಿ ತಿನ್ನಬೇಕು. ಹಾಗಿದ್ದರೂ ಇದು ಅರೆ ಪರಿಹಾರವೇ. ಉಳ್ಳವರು ತಮ್ಮ ಮನೆಯಲ್ಲಿ ಒಳ್ಳೆಯ ಊಟ ಮಾಡುವುದನ್ನು ಪೌಲ ತಡೆಯಲಿಲ್ಲ, ಸಭೆಯೊಳಗೆ ಆ ಭೇದ ಕಾಣದಿರಲಿ ಎಂದನಷ್ಟೇ.

ಇದೇ ಅಧ್ಯಾಯದ ಇನ್ನೊಂದು ಮಾತು ಇಂದಿಗೂ ಗೊಂದಲಕ್ಕೆ ಕಾರಣವಾಗಿದೆ. 27ನೇ ವಚನದ ‘ಅಯೋಗ್ಯವಾಗಿ’ ಎಂಬುದನ್ನು ಓದಿ, ನಾನು ಅಯೋಗ್ಯ ಎಂದು ಪ್ರಭುಭೋಜನದ ದಿನ ಹಿಂದಿನ ಸಾಲಿನಲ್ಲಿ ಕೂತುಬಿಡುವವರಿದ್ದಾರೆ. ಮೂಲದಲ್ಲಿ ಅದು ಕ್ರಿಯಾವಿಶೇಷಣ. ತಿನ್ನುವವನ ಯೋಗ್ಯತೆಯನ್ನಲ್ಲ, ತಿನ್ನುವ ರೀತಿಯನ್ನು ಹೇಳುತ್ತದೆ. ಪಕ್ಕದವನು ಹಸಿದಿರುವಾಗ ತಾನು ತಿನ್ನುವುದೇ ಆ ರೀತಿ. 29ನೇ ವಚನದ ‘ದೇಹವನ್ನು ವಿವೇಚಿಸದೆ’ ಎಂಬುದಕ್ಕೂ, ಹಿಂದಿನ ಅಧ್ಯಾಯದ ‘ರೊಟ್ಟಿ ಒಂದೇ, ಅನೇಕರಾದ ನಾವು ಒಂದೇ ದೇಹ’ ಎಂಬ ಮಾತನ್ನು ಸೇರಿಸಿ ಓದಿದರೆ, ಸಭೆಯೇ ಆ ದೇಹ ಎಂಬ ಅರ್ಥವೂ ಹೊರಡುತ್ತದೆ.

ಊಟ ಗುಟುಕಾದದ್ದು ಯಾವಾಗ? ಒಂದೇ ದಿನಕ್ಕಲ್ಲ. ಸುಮಾರು 112ರಲ್ಲಿ ಇದೇ ಪ್ಲಿನಿ ಬಿಥುನ್ಯದ (ಇಂದಿನ ಟರ್ಕಿಯ ಉತ್ತರ ಭಾಗ) ಅಧಿಪತಿಯಾಗಿದ್ದಾಗ, ಕ್ರೈಸ್ತರು ನಸುಕಿನಲ್ಲಿ ಒಮ್ಮೆ ಸೇರಿ, ಆಮೇಲೆ ಊಟಕ್ಕೆ ಮತ್ತೆ ಕೂಡುತ್ತಿದ್ದರು ಎಂದು ಚಕ್ರವರ್ತಿಗೆ ಬರೆದ. ಸಂಘ ಕಟ್ಟುವುದನ್ನು ಅವನು ನಿಷೇಧಿಸಿದ ಮೇಲೆ ಅದನ್ನೂ ನಿಲ್ಲಿಸಿದರಂತೆ. 155ರ ಸುಮಾರಿಗೆ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ವಿವರಿಸುವ ಆರಾಧನೆಯಲ್ಲಿ ಊಟವೇ ಇಲ್ಲ. ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ, ಬಾರದವರ ಮನೆಗೆ ಸಭಾಸೇವಕರು ಒಯ್ಯುವ ಪಾಲು, ಜೊತೆಗೆ ಅನಾಥರಿಗೂ ವಿಧವೆಯರಿಗೂ ಸೆರೆಯಲ್ಲಿದ್ದವರಿಗೂ ಕಾಣಿಕೆಯ ಹಣ. ಪ್ರೀತಿಭೋಜನ ಎಂಬ ಹೆಸರಿನಲ್ಲಿ ಊಟ ಬೇರೆಯಾಗಿ ಕೆಲಕಾಲ ನಡೆಯಿತು. ನಾಲ್ಕನೇ ಶತಮಾನದ ಲವೊದಿಕೀಯದಲ್ಲಿ ಸೇರಿದ ಬಿಷಪ್ಪರ ಸಮ್ಮೇಳನದ 28ನೇ ನಿಯಮ ಅದನ್ನೂ ಚರ್ಚಿನಿಂದ ಹೊರಗಟ್ಟಿತು: ದೇವರ ಮನೆಯೊಳಗೆ ಪ್ರೀತಿಭೋಜನ ಕೂಡದು, ಒರಗಲು ಮಂಚ ಹಾಸುವುದೂ ಕೂಡದು.