ಹೋಟೆಲ್ ಬಾತ್‌ರೂಮಿನಲ್ಲಿ ರೇಜರ್ ಎಲ್ಲಿಡಬೇಕು?

ರೂಮಿನಲ್ಲಿಟ್ಟ ಶೇವಿಂಗ್ ಸೆಟ್ ಕಾಣುತ್ತಿಲ್ಲ ಅಂತ ದೂರು ಬಂದರೆ ನಾನು ಮೊದಲು ಫೋನ್ ಮಾಡುವುದು ಲಾಂಡ್ರಿಗೆ, ಸೆಕ್ಯುರಿಟಿಗೆ ಅಲ್ಲ. ಮುಂಬಯಿ ಹೋಟೆಲುಗಳ ಹೌಸ್‌ಕೀಪಿಂಗ್ ನೋಡಿಕೊಂಡೇ ನನ್ನ ತಲೆ ನೆರೆತಿದೆ. ಬೇರೆಯವರು ಬಳಸಿದ ರೇಜರನ್ನು ಯಾರೂ ಕದಿಯುವುದಿಲ್ಲ. ಸುಮ್ನೆ ಕೊಟ್ಟರೂ ಬೇಡ ಅನ್ನುತ್ತಾರೆ. ಅದು ಹೋಗುವುದು ಟವೆಲ್ ಜೊತೆಗೆ.

ಹೇಗೆ ಅಂತ ನೋಡಿ. ನೀವು ಗಡ್ಡ ಬೋಳಿಸಿದಿರಿ. ರೇಜರ್ ತೊಳೆದು, ನೀರು ಇಳಿಯಲಿ ಅಂತ ಬೇಸಿನ್ ಪಕ್ಕ ಮಡಚಿಟ್ಟ ಸಣ್ಣ ಟವೆಲಿನ ಮೇಲೆ ಇಟ್ಟಿರಿ. ಮುಖ ಒರೆಸಿಕೊಂಡ ಟವೆಲನ್ನು ಅದರ ಮೇಲೇ ಹಾಕಿ ತಿಂಡಿಗೆ ಇಳಿದಿರಿ. ಅಷ್ಟು ಹೊತ್ತಿಗೆ ನಮ್ಮ ಹುಡುಗ ರೂಮಿಗೆ ಬರುತ್ತಾನೆ. ಅವನ ಪಾಲಿಗೆ ಆ ದಿನ ಹದಿನಾಲ್ಕೋ ಹದಿನೈದೋ ರೂಮು. ಒದ್ದೆ ಟವೆಲುಗಳನ್ನು ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಾನೆ, ಬೆಡ್‌ಶೀಟಿನೊಳಗೆ ತುರುಕಿ ಗಂಟು ಕಟ್ಟುತ್ತಾನೆ, ಟ್ರಾಲಿಯ ಚೀಲಕ್ಕೆ ತಳ್ಳುತ್ತಾನೆ. ಆ ಗಂಟು ಮತ್ತೆ ಬಿಚ್ಚುವುದು ಬೇಸ್‌ಮೆಂಟಿನ ಲಾಂಡ್ರಿಯಲ್ಲಿ. ಬಟ್ಟೆ ವಿಂಗಡಿಸುವವನ ಕೈಗೆ ಸಿಕ್ಕರೆ ರೇಜರ್ ಉಳಿಯಿತು, ಅವನ ಕೈ ಕುಯ್ಯಿತು. ಸಿಗದಿದ್ದರೆ ಸೀದಾ ಮಷಿನ್ನಿಗೆ.

ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಒಮ್ಮೆ ಚೆಕ್‌ಔಟ್ ಮಾಡಿ, ಗಾಡಿ ಹತ್ತಿದ ಮೇಲೆ ಫೋನ್ ಮಾಡಿದ್ದರು. "ನಮ್ಮಪ್ಪಾರ ರೇಜರ್ ರೀ ಅದು, ಹೆಂಗಾರ ಮಾಡಿ ಹುಡುಕಸ್ರಿ." ಹಿತ್ತಾಳೆಯ ಹಳೇ ಸೇಫ್ಟಿ ರೇಜರ್. ಲಾಂಡ್ರಿಯಲ್ಲಿ ಎರಡು ಸುತ್ತು ಹುಡುಕಿಸಿದ ಮೇಲೆ ಸಿಕ್ಕಿತು. ಹಿಡಿ ಸೊಟ್ಟಗಾಗಿತ್ತು. ಅಂಥ ವಸ್ತುವಿನ ಜಾಗ ಮನೆಯ ಕನ್ನಡಿ ಮುಂದೆ. ಪ್ರಯಾಣಕ್ಕೆ ತರುವ ರೇಜರ್ ಕಳೆದರೆ 'ಹೋಗ್ಲಿ ಬಿಡು' ಅನ್ನುವಂತಿರಬೇಕು.

ಹೋಟೆಲಿನ ಬಾತ್‌ರೂಮು ಎಲ್ಲ ಬಿಳಿ. ಟವೆಲ್ ಬಿಳಿ, ಬೇಸಿನ್ ಬಿಳಿ, ಮಾರ್ಬಲ್ ಬಿಳಿ. ಅಲ್ಲಿ ನಿಮ್ಮ ಬಿಳಿ ಹಿಡಿಯ ರೇಜರ್, ಬಿಳಿ ಬ್ರಶ್, ಪಾರದರ್ಶಕ ಡಬ್ಬಿ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಮ್ಮ ಕಣ್ಣಿಗೂ. ಹಾಗಾಗಿ ಕೆಂಪೋ ಕಿತ್ತಳೆಯೋ ಕಣ್ಣಿಗೆ ಹೊಡೆಯುವ ಬಣ್ಣದ ಒಂದು ಪೌಚ್ ಇಟ್ಟುಕೊಳ್ಳಿ. ಹೋಟೆಲಿನ ಬಟ್ಟೆಯ ಮೇಲೆ ನಿಮ್ಮದೇನನ್ನೂ ಇಡಬೇಡಿ. ಬಾಗಿಲ ಹಿಂದಿನ ಕೊಕ್ಕೆಗೂ ಪೌಚ್ ನೇತುಹಾಕಬೇಡಿ. ಬಾತ್‌ರೋಬಿನ ಅಡಿಯಲ್ಲಿ ಮರೆಯಾಗಿ, ಜನ ಅತಿ ಹೆಚ್ಚು ಮರೆತು ಹೋಗುವ ಜಾಗ ಅದೇ.

ಮರೆತುಹೋದ ವಸ್ತುಗಳಿಗೆ ಲಾಸ್ಟ್ ಆ್ಯಂಡ್ ಫೌಂಡ್ ರಿಜಿಸ್ಟರ್ ಇರುತ್ತದೆ. ವಾಚು, ಕನ್ನಡಕ, ಟ್ರಿಮ್ಮರ್ ಅಂಥವನ್ನು ಚೀಟಿ ಅಂಟಿಸಿ ತಿಂಗಳುಗಟ್ಟಲೆ ಇಡುತ್ತೇವೆ. ಬಳಸಿದ ಟೂತ್‌ಬ್ರಶ್, ಬಳಸಿ ಬಿಸಾಡುವ ರೇಜರ್ ಹಾಗಲ್ಲ. ಗಿರಾಕಿ ರೂಮ್ ಖಾಲಿ ಮಾಡಿದ ಮೇಲೆ ಅದು ನಮ್ಮ ಲೆಕ್ಕದಲ್ಲಿ ಕಸ. ಒಳ್ಳೆಯ ರೇಜರ್ ಬಿಟ್ಟುಹೋಗಿದ್ದರೆ ಅದೇ ದಿನ ಫೋನ್ ಮಾಡಿ. ರೂಮ್ ನಂಬರ್ ಮತ್ತು ಇಟ್ಟ ಜಾಗ ಹೇಳಿ. 'ಬಾತ್‌ರೂಮಿನಲ್ಲಿ' ಅಂದರೆ ಸಾಲದು. 'ಶವರ್ ಪಕ್ಕದ ಗೂಡಿನಲ್ಲಿ' ಅಂದರೆ ಹುಡುಕುವವನಿಗೆ ಅರ್ಧ ಕೆಲಸ ಮುಗಿಯಿತು.

ಇನ್ನು ಯಾವ ರೇಜರ್ ತರಬೇಕು? ಅದು ನೀವು ವಿಮಾನದಲ್ಲಿ ಬರುತ್ತೀರೋ ರೈಲಿನಲ್ಲೋ ಅನ್ನುವುದರ ಮೇಲಿದೆ.

ವಿಮಾನದಲ್ಲಿ ಬರಿ ಕ್ಯಾಬಿನ್ ಬ್ಯಾಗ್ ಹಿಡಿದು ಬರುವವರು ಸೇಫ್ಟಿ ರೇಜರಿಗೆ ಹಾಕುವ ಡಬಲ್ ಎಡ್ಜ್ (ಎರಡೂ ಅಂಚು ಹರಿತವಾದ) ಬ್ಲೇಡನ್ನು ಮರೆತುಬಿಡಿ. ಬಿಡಿ ಬ್ಲೇಡು ಸೆಕ್ಯುರಿಟಿಯಲ್ಲಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕಾರ್ಟ್ರಿಜ್ ರೇಜರ್, ಟ್ರಿಮ್ಮರ್, ಎಲೆಕ್ಟ್ರಿಕ್ ಶೇವರಿಗೆ ಸಾಮಾನ್ಯವಾಗಿ ತಕರಾರಿಲ್ಲ. ಬ್ಲೇಡ್ ತೆಗೆದ ಖಾಲಿ ಹಿಡಿಯನ್ನು ಬಿಡಬಹುದು, ಆದರೆ ಎಕ್ಸ್‌ರೇ ಮುಂದೆ ಕೂತವರದ್ದೇ ಕೊನೆಯ ಮಾತು. ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಸೇಫ್ಟಿ ರೇಜರೇ ಬೇಕು ಅನ್ನುವವರು ಹಿಡಿ ತನ್ನಿ, ಬ್ಲೇಡು ಇಲ್ಲೇ ಕೊಳ್ಳಿ. ದಾದರ್, ಮಾಟುಂಗಾದ ಯಾವ ಗೂಡಂಗಡಿಯಲ್ಲಿ ಕೇಳಿದರೂ ಒಂದು ಪ್ಯಾಕೆಟ್ ಸಿಗುತ್ತದೆ. ಸೂಪರ್‌ಮ್ಯಾಕ್ಸ್ ಬ್ಲೇಡು ತಯಾರಾಗುತ್ತಿದ್ದದ್ದೂ ಇಲ್ಲೇ ಪಕ್ಕದ ಠಾಣೆಯಲ್ಲಿ.

ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು ತೊಡಕಿದೆ. ಕ್ಯಾಬಿನ್ ಬ್ಯಾಗಿನಲ್ಲಿ ಕ್ರೀಮು, ಜೆಲ್, ಫೋಮ್ ಎಲ್ಲವೂ 100 ಮಿ.ಲೀ. ಮೀರದ ಡಬ್ಬಿಯಲ್ಲೇ ಇರಬೇಕು. ಎಲ್ಲ ಸೇರಿ 1 ಲೀಟರಿನ ಒಂದು ಪಾರದರ್ಶಕ ಚೀಲದೊಳಗೆ ಕೂರಬೇಕು. ಲೆಕ್ಕ ಡಬ್ಬಿಯ ಅಳತೆಯದು, ಒಳಗೆ ಉಳಿದಿರುವುದರದ್ದಲ್ಲ. 200 ಮಿ.ಲೀ. ಫೋಮ್ ಡಬ್ಬಿಯ ತಳದಲ್ಲಿ ಇಷ್ಟೇ ಇಷ್ಟು ಇದ್ದರೂ ಬಿಡುವುದಿಲ್ಲ. ಚೆಕ್-ಇನ್ ಬ್ಯಾಗಿನಲ್ಲಿ ಒಂದೊಂದು ಸ್ಪ್ರೇ ಡಬ್ಬಿ 500 ಮಿ.ಲೀ.ವರೆಗೆ ಇರಬಹುದು. ಇಂಥ ಸಾಮಾನು ಒಟ್ಟು 2 ಲೀಟರ್ ದಾಟಬಾರದು. ಮುಚ್ಚಳ ಮಾತ್ರ ಭದ್ರವಾಗಿರಲಿ. ಅದಿಲ್ಲದೆ ಬ್ಯಾಗಿನೊಳಗೇ ಫೋಮ್ ಉಕ್ಕಿ, ಮದುವೆಗೆ ತಂದ ಸಿಲ್ಕ್ ಶರ್ಟು ಡ್ರೈಕ್ಲೀನಿಗೆ ಬಂದದ್ದುಂಟು.

ಮತ್ಸ್ಯಗಂಧದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ಬರುವವರಿಗೆ ಈ ರಗಳೆ ಇಲ್ಲ. ಒಂದೇ ವಿನಂತಿ: ಓಡುವ ಗಾಡಿಯಲ್ಲಿ ಬೋಳಿಸಿಕೊಳ್ಳಬೇಡಿ. ರೂಮಿಗೆ ಬಂದು, ಬಿಸಿನೀರು ಸ್ನಾನ ಮಾಡಿ, ಆಮೇಲೆ ನಿಧಾನವಾಗಿ ಮಾಡಿ. ಗಡ್ಡ ಎರಡು ಮೂರು ನಿಮಿಷ ನೀರಲ್ಲಿ ನೆಂದರೆ ಎಂಥ ಸಾಧಾರಣ ರೇಜರೂ ಸಲೀಸಾಗಿ ಓಡುತ್ತದೆ.

ನೀರಿನ ವಿಷಯ ಬಂತು ಅಂತ ಹೇಳುತ್ತೇನೆ. ಮುಂಬಯಿಗೆ ಪಾಲಿಕೆ ಕೊಡುವುದು ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಏಳು ಕೆರೆ-ಜಲಾಶಯಗಳ ನೀರು. ಮೆದು ನೀರು, ನೊರೆ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಹೋಟೆಲಿನಲ್ಲೋ, ಗೋವಾ ಕಡಲ ಬದಿಯ ಬೋರ್‌ವೆಲ್ ನೀರಿನ ಗೆಸ್ಟ್‌ಹೌಸಿನಲ್ಲೋ ಅದೇ ಸೋಪು ನೊರೆ ಕೊಡದೆ ಬೇಸಿನ್ನಿಗೆ ಬೂದು ಜಿಡ್ಡು ಹತ್ತಿಸುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಆಗುವ ಜಿಡ್ಡು ಅದು. ಕಂಪನಿ ಬದಲಾಯಿಸಿ ಉಪಯೋಗವಿಲ್ಲ. ಬ್ರಶ್ಶಿನ ಅಗತ್ಯವಿಲ್ಲದ ಕ್ರೀಮಿನ ಸಣ್ಣ ಟ್ಯೂಬ್ ತನ್ನಿ, ಯಾವ ನೀರಿಗೂ ನಡೆಯುತ್ತದೆ.

ಟ್ರಿಮ್ಮರ್ ಕಳೆಯುವುದು ಕಡಿಮೆ. ಅದರ ಚಾರ್ಜರ್ ಕಳೆಯುವುದು ಜಾಸ್ತಿ. ಮಂಚದ ಹಿಂದಿನ ಪ್ಲಗ್ಗಿಗೆ ಸಿಕ್ಕಿಸಿ, ಪರದೆ ಮರೆಯಾಗಿ, ಅಲ್ಲೇ ಉಳಿಯುತ್ತದೆ. ಫೋನಿನ ಕೇಬಲ್ಲೇ ಹೊಂದುವ ಟ್ರಿಮ್ಮರ್ ಕೊಂಡರೆ ಆ ತಲೆನೋವೇ ಇಲ್ಲ. ಬೇಸಿನ್ ಪಕ್ಕ 'ಶೇವರ್ಸ್ ಓನ್ಲಿ' ಅಂತ ಬರೆದ ಸಾಕೆಟ್ ಕಂಡರೆ ಅದನ್ನು ಬಳಸಿ. ಒದ್ದೆ ಕೈಗೆ ಅಪಾಯ ಆಗದಿರಲಿ ಅಂತ ಅದರೊಳಗೆ ಬೇರೆಯೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ತಾಕತ್ತು ತೀರಾ ಕಡಿಮೆ, ಹಾಗಾಗಿ ಹೇರ್ ಡ್ರೈಯರ್ ಸಿಕ್ಕಿಸಬೇಡಿ. ಅದರಲ್ಲಿ 110 ವೋಲ್ಟಿನ ತೂತೂ ಇರಬಹುದು. ನಿಮ್ಮ ಚಾರ್ಜರ್ ಮೇಲೆ 100–240 ಅಂತ ಇದ್ದರೆ ಯಾವುದಾದರೂ ಸರಿ. ಕೀ ಕಾರ್ಡ್ ಕಿತ್ತುಕೊಂಡು ಹೊರಗೆ ಹೋದರೆ ಹೆಚ್ಚಿನ ರೂಮುಗಳಲ್ಲಿ ಕರೆಂಟೂ ಹೋಗುತ್ತದೆ. ರಾತ್ರಿಯೇ ಚಾರ್ಜ್ ಮಾಡಿಕೊಳ್ಳಿ.

ಈಗ ನಮ್ಮ ಕಡೆಯ ಒಂದು ದುಃಖ. ತಗಡಿನ ಫೋಮ್ ಡಬ್ಬಿಯನ್ನು ಒದ್ದೆ ಮಾರ್ಬಲ್ ಮೇಲೆ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಅಲ್ಲಿ ಕಂದು ಉಂಗುರ ಮೂಡಿರುತ್ತದೆ. ತುಕ್ಕಿನ ಕಲೆ. ಮಾರ್ಬಲ್ ಹೀರಿಕೊಂಡಿತು ಅಂದರೆ ಒರೆಸಿದರೆ ಹೋಗದು, ಪಾಲಿಷ್ ಮಷಿನ್ನೇ ಬೇಕು. ಪಟಿಕದ ತುಂಡು ಅದಕ್ಕಿಂತ ಮೋಸ. ಗಾಯಕ್ಕೆ ಪಟಿಕ ಒಳ್ಳೆಯದೇ, ರಕ್ತ ಬೇಗ ನಿಲ್ಲುತ್ತದೆ. ಆದರೆ ಅದರ ನೀರು ಹುಳಿ, ಮಾರ್ಬಲ್ ಸುಣ್ಣದ ಕಲ್ಲು. ಒದ್ದೆ ತುಂಡು ಕೂತ ಜಾಗದಲ್ಲಿ ಹೊಳಪು ಹೋಗಿ ಮಂಕಾದ ಚೌಕ ಉಳಿಯುತ್ತದೆ. ಬಗ್ಗಿ ಬೆಳಕಿಗೆ ನೋಡಿದರೆ ತುಂಡಿನ ನಾಲ್ಕು ಮೂಲೆಯೂ ಎಣಿಸಬಹುದು. ಅದನ್ನು ಸೋಪಿನ ತಟ್ಟೆಯಲ್ಲಿಡಿ.

ಕುಡಿಯುವ ಗ್ಲಾಸಿನಲ್ಲಿ ರೇಜರ್, ಬ್ರಶ್ ನಿಲ್ಲಿಸುವ ಅಭ್ಯಾಸವೂ ಬೇಡ. ಉರುಳಿದರೆ ಬರಿಗಾಲಿಗೆ ಚೂರು. ಉರುಳದಿದ್ದರೂ, ಆ ಗ್ಲಾಸು ನಾಳೆ ಇನ್ನೊಬ್ಬರ ಬಾಯಿಗೆ ಹೋಗುವಂಥದ್ದು ಅಲ್ವಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾದಲ್ಲಿ ಏನೂ ಒಣಗುವುದಿಲ್ಲ. ಒದ್ದೆ ಬ್ರಶ್ಶನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಗ್ಗಲು ವಾಸನೆ ಗ್ಯಾರಂಟಿ. ಪ್ರಾಣಿಯ ರೋಮದ ದುಬಾರಿ ಬ್ರಶ್ಶಿಗಿಂತ ಸಿಂಥೆಟಿಕ್ ಬ್ರಶ್ ಬೇಗ ಒಣಗುತ್ತದೆ, ಪ್ರಯಾಣಕ್ಕೆ ಅದೇ ಲೇಸು. ಚರ್ಮದ ಪೌಚ್ ನೋಡಲು ಚೆಂದ, ಮಳೆಗಾಲದಲ್ಲಿ ಬೂಸ್ಟು. ನೈಲಾನಿನದು ಸಾಕು. ರೇಜರನ್ನು ಜೋರಾಗಿ ಕೊಡವಿ, ಬಾತ್‌ರೂಮಿನ ಹೊರಗೆ ಎಸಿ ಗಾಳಿ ಆಡುವ ಕಡೆ ಪೌಚ್ ಬಾಯಿ ತೆರೆದಿಡಿ. ಪೌಚಿನಲ್ಲಿರುವ ರೇಜರನ್ನು ನಮ್ಮ ಹುಡುಗರು ಮುಟ್ಟುವುದೂ ಇಲ್ಲ.

ಬ್ಲೇಡು ಮೊಂಡಾಗಲು ತುಕ್ಕೊಂದೇ ಕಾರಣವಲ್ಲ. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲೇ ಬ್ಲೇಡಿನ ಅಂಚಿನಿಂದ ಸಣ್ಣ ಸಣ್ಣ ಚೂರು ಕೀಳುವುದನ್ನು ಅಮೆರಿಕದ ಎಂಐಟಿಯ ಸಂಶೋಧಕರು ಮೈಕ್ರೋಸ್ಕೋಪಿನ ಅಡಿಯಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಸವೆದ ಬ್ಲೇಡು ಹೋಟೆಲಿಗೆ ಬಂದರೆ ಹರಿತವಾಗುವುದಿಲ್ಲ. ಹೊರಡುವ ಮುಂಚೆ ಹೊಸದು ಹಾಕಿ.

ಏನೂ ತರದಿದ್ದರೂ ನಡೆಯುತ್ತದೆ ಅನ್ನಿ. ಹೆಚ್ಚಿನ ಹೋಟೆಲುಗಳಲ್ಲಿ ಕೇಳಿದರೆ ಶೇವಿಂಗ್ ಕಿಟ್ ಕೊಡುತ್ತಾರೆ. ಪ್ಲಾಸ್ಟಿಕ್ ಕಡಿಮೆ ಮಾಡಲು ಈಗ ಎಷ್ಟೋ ಕಡೆ ಅದನ್ನು ರೂಮಿನಲ್ಲಿ ಮೊದಲೇ ಇಡುವುದಿಲ್ಲ. ಒಂದು ಸಲಕ್ಕೆ ಸಾಕು. ಒರಟು ಗಡ್ಡದವರು ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ಎದುರು ಎಳೆದರೆ ಕುತ್ತಿಗೆ ತುಂಬ ಕೆಂಪು ಗುಳ್ಳೆ.

ಪರೇಲ್, ದಾದರ್ ಕಡೆಯ ಲಾಡ್ಜುಗಳಲ್ಲಿ ಇಳಿಯುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯಿಂದ ಎಷ್ಟೋ ಜನ ಬರುತ್ತಾರೆ. ಕೀಮೋ ಪಡೆಯುವವರಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ ಸಣ್ಣ ಗೀರಿನಿಂದಲೂ ರಕ್ತ ಬೇಗ ನಿಲ್ಲುವುದಿಲ್ಲ. ಅವರಿಗೆ ಬ್ಲೇಡು ಬೇಡ, ಎಲೆಕ್ಟ್ರಿಕ್ ಶೇವರ್ ಬಳಸಿ ಅಂತಲೇ ಡಾಕ್ಟರುಗಳು ಹೇಳುವುದು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೂ ಅದೇ. ಒಂದು ರೂಮಿನಲ್ಲಿ ನಾಲ್ಕು ಜನ ಇದ್ದಾಗ 'ನಿಮ್ ರೇಜರ್ ಕೊಡಿ ಭಾವ' ಅನ್ನುವ ಸಲಿಗೆ ಬರುತ್ತದೆ. ಅಲ್ಲಿ ಮುಲಾಜು ಬೇಡ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವ ಹಿಡಿದುಕೊಂಡಿರುತ್ತದೆ. ತೊಳೆದ ರೇಜರ್ ಕಣ್ಣಿಗಷ್ಟೇ ಶುದ್ಧ.

ಹಳೇ ಬ್ಲೇಡನ್ನು ಕಂಡಲ್ಲಿ ಹಾಕಬಾರದು ಅನ್ನುವುದಕ್ಕೂ ಇದೇ ಕಾರಣ. ಬಾತ್‌ರೂಮಿನ ಕಸದ ಬುಟ್ಟಿಯ ಚೀಲವನ್ನು ಹುಡುಗರು ಮೇಲಿಂದ ಒತ್ತಿ, ಗಾಳಿ ತೆಗೆದು, ಗಂಟು ಹಾಕುತ್ತಾರೆ. ಟಿಶ್ಯೂನಲ್ಲಿ ಸುತ್ತಿದ ಬ್ಲೇಡು ಒಳಗಿದ್ದರೆ ಅಂಗೈಗೇ ಬರುತ್ತದೆ. ನಮ್ಮಲ್ಲಿ ಒಬ್ಬನಿಗೆ ಹಾಗೆ ಕುಯ್ದು, ಯಾರ ರಕ್ತ ತಗಲಿತೋ ಅಂತ ಪರೀಕ್ಷೆಗಳ ಫಲಿತಾಂಶ ಬರುವವರೆಗೂ ಅವನಿಗೂ ಅವನ ಹೆಂಡತಿಗೂ ನಿದ್ದೆ ಇರಲಿಲ್ಲ. ಹಿಂದೆ ಅಮೆರಿಕದ ಬಾತ್‌ರೂಮುಗಳ ಕನ್ನಡಿ ಕಪಾಟಿನಲ್ಲಿ ಸಣ್ಣ ಸೀಳು ಬಿಡುತ್ತಿದ್ದರು. ಅದರೊಳಗೆ ಹಾಕಿದ ಬ್ಲೇಡು ಗೋಡೆಯ ಸಂದಿಗೆ ಬೀಳುತ್ತಿತ್ತು. ನಮ್ಮಲ್ಲಿ ಆ ಏರ್ಪಾಡಿಲ್ಲ. ಕೆಲವು ಬ್ಲೇಡ್ ಡಬ್ಬಿಗಳ ಹಿಂಬದಿಯಲ್ಲಿ ಹಳೇ ಬ್ಲೇಡು ತೂರಿಸುವ ಸೀಳಿರುತ್ತದೆ, ಅಲ್ಲಿ ಹಾಕಿ. ಇಲ್ಲವಾದರೆ ಮಾತ್ರೆಯ ಪ್ಲಾಸ್ಟಿಕ್ ಡಬ್ಬಿಯಲ್ಲೋ, ಖಾಲಿ ನೀರಿನ ಬಾಟಲಿಯಲ್ಲೋ ಹಾಕಿ ಮುಚ್ಚಳ ಬಿಗಿ ಮಾಡಿ. ಬಳಸಿ ಬಿಸಾಡುವ ರೇಜರಿಗೆ ಅದರದೇ ಕ್ಯಾಪ್ ಹಾಕಿ. ಅದೂ ಇಲ್ಲ ಅಂದರೆ ಬುಟ್ಟಿಗೆ ಹಾಕಲೇಬೇಡಿ. ಮೇಜಿನ ಮೇಲೆ ಕಾಣುವ ಹಾಗೆ ಇಟ್ಟು, ರೂಮಿನ ಫೋನಿನಿಂದ ಹೌಸ್‌ಕೀಪಿಂಗ್‌ಗೆ ಹೇಳಿ. ಬಂದು ತೆಗೆದುಕೊಂಡು ಹೋಗುತ್ತೇವೆ.